ಹನ್ನೆರಡನೆಯ ಮನೆಯ ಉಪ್ಪು

ನಮ್ಮ ಊರಿನಲ್ಲಿ ಮದುವೆಮನೆಗೆ ಹೋದರೆ ಬಡಿಸುವವರು ಎಲೆಯ ಮುಂದೆ ನಿಂತು ಮೊದಲು ಕೇಳುವ ಮಾತು, "ನಿಮಗೆ ಏನೇನು ಉಳಿದಿದೆ?" ಎಂದು. ಹೊರಗಿನವರಿಗೆ ಇದು ಒರಟು ಮಾತು ಅನ್ನಿಸಬಹುದು. ನಮಗೆ ಅದು ಉಪಚಾರ. ಸಿಹಿ ಹೋದವರ ಎಲೆಗೆ ಹೋಳಿಗೆ ಹಾಕಿ, ಎದುರಿಗೆ ನಿಂತು "ಹೇಗಿದೆ?" ಎಂದು ಕೇಳಿ ನೋಯಿಸಬಾರದಲ್ಲ. ಕೇಳಿ ತಿಳಿದುಕೊಂಡರೆ ಅವರ ಎಲೆಗೆ ಹೋಳಿಗೆಯ ಬದಲು ಎರಡು ಹಪ್ಪಳ ಹಾಕಬಹುದು.

ಸರ್ಕಾರ ಇಲ್ಲಿ ತೆರಿಗೆಯನ್ನು ನಾಲಗೆಯಿಂದ ವಸೂಲು ಮಾಡುತ್ತದೆ. ಸುಗ್ಗಿ ಮುಗಿದ ಮೊದಲ ಸೋಮವಾರ ಬೆಳಗ್ಗೆ ಎದ್ದು ಬಾಯಿ ಮುಕ್ಕಳಿಸುವ ಹೊತ್ತಿಗೆ ಆ ವರ್ಷದ ವಸೂಲಿ ಮುಗಿದಿರುತ್ತದೆ. ಸ್ವಂತ ಸೂರು ಇದ್ದವರಿಗೆ ಒಗರು ಹೋಗುತ್ತದೆ. ಸೂರಿನ ಜೊತೆಗೆ ಬಾಡಿಗೆ ಬರುವ ಅಂಗಡಿ ಇದ್ದರೆ ಕಹಿಯೂ ಹೋಗುತ್ತದೆ. ಆಸ್ತಿ ಬೆಳೆದ ಹಾಗೆಲ್ಲ ಖಾರ, ಹುಳಿ, ಸಿಹಿ, ಎಲ್ಲಕ್ಕಿಂತ ಕೊನೆಗೆ ಉಪ್ಪು. ಏನೂ ಇಲ್ಲದವರಿಗೆ ಆರೂ ರುಚಿ ಉಳಿಯುತ್ತವೆ. ನನಗೆ ತಂದೆಯಿಂದ ಬಂದ ಎರಡು ಕೋಣೆಯ ಮನೆಯೊಂದಿದೆ, ಹಾಗಾಗಿ ಒಗರಿಲ್ಲ. ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವಳು ನಾನು. ನೇರಳೆಹಣ್ಣಿನ ಕಾಲದಲ್ಲಿ ಸ್ವಲ್ಪ ಬೇಸರವಾಗುತ್ತದೆ, ಅಷ್ಟೇ. ಕಹಿ ಹೋದವರನ್ನು ಯುಗಾದಿಯ ದಿನ ನೆಂಟರು ಚುಡಾಯಿಸುತ್ತಾರೆ: "ನಿಮಗೇನಪ್ಪ, ಬೇವೂ ಬೆಲ್ಲವೇ!"

ಮನೆಗಳ ವಿಷಯಕ್ಕೆ ಬರುತ್ತೇನೆ. ಒಂದು ಕಾಲದಲ್ಲಿ ಇಲ್ಲಿನ ಗಿರಣಿಗಳಲ್ಲೂ ಕಾರ್ಖಾನೆಗಳಲ್ಲೂ ದುಡಿಯುವವರು ಇರುತ್ತಿದ್ದದ್ದು ತೊಗಲು ಹದಮಾಡುವ ಕೇರಿಯ ಹಿಂದಿನ ಕೋಣೆಗಳಲ್ಲಿ. ನೀರಿಲ್ಲ, ಕಿಟಕಿಯಿಲ್ಲ, ಸಂಬಳದ ಅರ್ಧಕ್ಕಿಂತ ಹೆಚ್ಚು ಬಾಡಿಗೆ. ಒಳ್ಳೆಯ ಮನೆ ಕಟ್ಟಿಸಿ ಕಡಿಮೆ ಬಾಡಿಗೆಗೆ ಕೊಡಿ ಎಂದರೆ ಯಾವ ಧಣಿಯೂ ಕೇಳುತ್ತಿರಲಿಲ್ಲ. ಆಗ ಸರ್ಕಾರ ಒಂದು ರಿಯಾಯಿತಿ ತಂದಿತು. ಕಡಿಮೆ ಸಂಬಳದವರಿಗಾಗಿ ಮನೆಗಳನ್ನು ಕಟ್ಟಿಸಿ, ಅವರ ಸಂಬಳದ ಕಾಲುಭಾಗ ಮೀರದ ಬಾಡಿಗೆಗೆ ಹತ್ತು ವರ್ಷ ಕೊಟ್ಟವರಿಗೆ, ಹೋದ ರುಚಿಗಳಲ್ಲಿ ಅವರು ಕೇಳಿದ ಒಂದನ್ನು ಆ ಹತ್ತು ವರ್ಷ ತೆರಿಗೆಯಿಂದ ಬಿಡುವುದು ಎಂದು. ಊರು ನಕ್ಕಿತು. "ಧರ್ಮಕ್ಕೆ ಕಟ್ಟದವರು ಈಗ ನಾಲಗೆ ಚಪಲಕ್ಕೆ ಕಟ್ಟುತ್ತಾರೆ" ಎಂದು ಕಾಲೇಜಿನ ಸ್ಟಾಫ್ ರೂಮಿನಲ್ಲೂ ಆಡಿಕೊಂಡರು. ನಾನು ನಗಲಿಲ್ಲ. ಯಾವ ಕಾರಣಕ್ಕೆ ಕಟ್ಟಿದರೂ ಸೂರು ಸೂರೇ. ಮಳೆ ಬಂದು ಕಾರಣ ಕೇಳುವುದಿಲ್ಲ. ಬಟ್ಟೆ ಅಂಗಡಿಯ ಧಣಿಯೊಬ್ಬರು ಮನೆಗಳನ್ನೇನೋ ಕಟ್ಟಿಸಿ ಅದರಲ್ಲಿ ತಮ್ಮ ಭಾವಮೈದುನರನ್ನು ತುಂಬಿದರು. ಗೃಹಪ್ರವೇಶದ ದಿನ ಅವರು ಬಾಯಿಗೆ ಹಾಕಿಕೊಂಡ ಜಾಮೂನು ಸುಣ್ಣದ ಉಂಡೆಯ ಹಾಗಿತ್ತಂತೆ. ತೆರಿಗೆ ವಸೂಲು ಮಾಡುವ ನಾಲಗೆ ಕಚೇರಿಯವರು ಬಂದು ನೋಡುವ ಅಗತ್ಯವೇ ಬೀಳಲಿಲ್ಲ.

ಸರಿಯಾಗಿ ಕಟ್ಟಿಸಿದವರಲ್ಲಿ ಅಕ್ಕಿ ಗಿರಣಿಯ ಕಾಂತರಾಜಯ್ಯ ಒಬ್ಬರು. ಅವರಿಗೆ ಆರೂ ರುಚಿ ಹೋಗಿದ್ದವು. ಗಿರಣಿಯ ಹಿಂದಿನ ಜಾಗದಲ್ಲಿ ಹನ್ನೆರಡು ಮನೆಗಳ ವಠಾರ ಕಟ್ಟಿಸಿದರು, ಕೆಳಗೆ ಹನ್ನೊಂದು, ಮಹಡಿಯ ಮೇಲೆ ಒಂದು. ಎಲ್ಲರೂ ಸಿಹಿ ಕೇಳುತ್ತಿದ್ದ ಕಾಲದಲ್ಲಿ ಅವರು ಉಪ್ಪು ಕೇಳಿದರು. ಯಾಕೆಂದು ಕೇಳಿದವರಿಗೆ, "ಸಿಹಿ ವರ್ಷಕ್ಕೆ ನಾಲ್ಕು ಹಬ್ಬಕ್ಕೆ, ಉಪ್ಪು ದಿನಕ್ಕೆ ಮೂರು ಹೊತ್ತಿಗೆ. ಗಿರಣಿಯವನು ನಾನು, ಗಿರಾಕಿ ಯಾವುದಕ್ಕೆ ಜಾಸ್ತಿ ಅಂತ ನೋಡಲ್ವಾ?" ಎಂದಿದ್ದರು. ಆರು ವರ್ಷ ಅವರು ಉಪ್ಪಿನ ಸುಖ ಉಂಡರು. ಅವರ ಮನೆಯ ಉಪ್ಪಿನಕಾಯಿಯ ಜಾಡಿ ಎಂದೂ ಅಟ್ಟ ಏರುತ್ತಿರಲಿಲ್ಲ.

ರಿಯಾಯಿತಿಗೆ ಒಂದು ಗೀಟಿದೆ. ವಠಾರದಲ್ಲಿರುವವರ ಸಂಬಳ ಆ ಗೀಟು ದಾಟಬಾರದು. ದಾಟಿದರೆ ಆ ಮನೆ ಲೆಕ್ಕಕ್ಕಿಲ್ಲ. ಒಂದು ಮನೆ ಲೆಕ್ಕಕ್ಕಿಲ್ಲವೆಂದರೆ ಕಟ್ಟಿಸಿದವರ ರುಚಿ ಹೋಗುತ್ತದೆ. ಹೋದ ರುಚಿ ಆಮೇಲೆ ಅವರಿಗೆ ಸಿಗುವುದು ವಠಾರದ ಉಳಿದ ಮನೆಗಳಲ್ಲಿ, ಆ ಒಲೆಗಳ ಮುಂದೆ ಕೂತು ಉಂಡರೆ ಮಾತ್ರ. ಗೀಟಿನ ಹತ್ತಿರ ಬಂದವರು ಅದಕ್ಕೆ ಹೊಂದಿಕೊಂಡಿದ್ದರು. ಸಂಬಳ ಹೆಚ್ಚಿಸುವ ಹಬ್ಬದ ಹೊತ್ತಿಗೆ ಧಣಿಗಳ ಮುಂದೆ ನಿಂತು, "ಸಂಬಳ ಬೇಡ ಸ್ವಾಮಿ, ಒಂದು ಕೊಡೆ ಕೊಟ್ಬಿಡಿ" ಎನ್ನುತ್ತಿದ್ದರು. ಅಂಗಿಯ ಗುಂಡಿ ಕಾರ್ಖಾನೆಯ ತೂಕದವನ ಮನೆಯಲ್ಲಿ ಇರುವ ಜನಕ್ಕಿಂತ ಕೊಡೆಗಳೇ ಹೆಚ್ಚು.

ಏಳನೆಯ ವರ್ಷ ಒಂದು ಮಧ್ಯಾಹ್ನ ಕಾಂತರಾಜಯ್ಯನವರಿಗೆ ಮನೆಯ ಸಾರು ಸಪ್ಪೆಯಾಯಿತು. ಅವರ ಹೆಂಡತಿ ಸರ್ವಮಂಗಳಮ್ಮ ಉಪ್ಪು ಹಾಕಿದರು. ಇನ್ನೂ ಸಪ್ಪೆ. ಇನ್ನಷ್ಟು ಹಾಕಿದರು. ಗಂಡ ಯಾಕೆಂದು ಹೇಳದೆ ಹಾಕು ಹಾಕು ಎನ್ನುತ್ತಾ ಹೋದರು. ಒಪ್ಪಿಕೊಳ್ಳಲು ಅವರಿಗೆ ಮನಸ್ಸಿರಲಿಲ್ಲವೋ ಏನೋ. ತಮಗೆ ಉಪ್ಪಾದರೂ ಗಂಡನ ಜೊತೆ ಅದೇ ಸಾರನ್ನು ಉಣ್ಣುತ್ತಿದ್ದ ಸರ್ವಮಂಗಳಮ್ಮನಿಗೆ ಒಂದು ತಿಂಗಳೊಳಗೆ ತಲೆಸುತ್ತು ಬಂದು, ದೇವರ ಮನೆಯ ಹೊಸ್ತಿಲಲ್ಲೇ ಕುಸಿದರು. ಡಾಕ್ಟರು ರಕ್ತದೊತ್ತಡ ನೋಡಿ, "ಏನಮ್ಮಾ, ಸಮುದ್ರ ಕುಡಿದ್ರಾ?" ಎಂದರಂತೆ. ಅವತ್ತೇ ಕಾಂತರಾಜಯ್ಯ ನಾಲಗೆ ಕಚೇರಿಗೆ ಹೋಗಿ ಫಿರ್ಯಾದು ಕೊಟ್ಟರು.

ಇಂಥ ಫಿರ್ಯಾದಿಗೆ ನಮ್ಮಲ್ಲಿ ಒಂದು ಕ್ರಮವಿದೆ. ಕಟ್ಟಿಸಿದವರು ವಠಾರದ ಮನೆಮನೆಗೂ ಹೋಗಿ ಅಲ್ಲಿ ಬೇಯಿಸಿದ್ದನ್ನು ಒಂದು ತುತ್ತು ತಿನ್ನಬೇಕು. ರುಚಿ ಹತ್ತಿದರೆ ಆ ಮನೆ ಸರಿ. ಹತ್ತದಿದ್ದರೆ ಗೀಟು ದಾಟಿದ್ದು ಆ ಮನೆಯವರು. ಅವರು ಮುಂದಿನ ಹುಣ್ಣಿಮೆಯೊಳಗೆ ಜಾಗ ಖಾಲಿ ಮಾಡಬೇಕು, ಮಾಡಿದರೆ ಕಟ್ಟಿಸಿದವರ ರುಚಿ ಮರಳುತ್ತದೆ. ಧಣಿಗಳು ತಮಗೆ ಆಗದವರ ಮನೆಯಲ್ಲಿ ಸುಳ್ಳು ಹೇಳಿ ಎಬ್ಬಿಸಬಾರದೆಂದು ಜೊತೆಗೊಬ್ಬ ಸಾಕ್ಷಿ. ಸಾಕ್ಷಿಯೂ ಅದೇ ಪಾತ್ರೆಯಿಂದ ಒಂದು ತುತ್ತು ತಿನ್ನುತ್ತಾರೆ. ಧಣಿ ಇಲ್ಲ ಎಂದು, ಸಾಕ್ಷಿಗೂ ಉಪ್ಪು ಹತ್ತದಿದ್ದರೆ ಅಡುಗೆಯವರು ಮರೆತಿದ್ದಾರೆ ಎಂದು ಅರ್ಥ. ಉಪ್ಪು ಹಾಕಿ ಇನ್ನೊಮ್ಮೆ ಬಡಿಸಬೇಕು. ಸಾಕ್ಷಿಗೆ ಹತ್ತಿ ಧಣಿಗೆ ಹತ್ತದಿದ್ದರೆ ಕಚೇರಿಯ ಜವಾನ ಜಾಗಟೆಯನ್ನು ಮೂರು ಸಲ ಬಾರಿಸುತ್ತಾನೆ. ಇಬ್ಬರಿಗೂ ಹತ್ತಿದರೆ ಒಂದೇ ಸಲ. ಸಾಕ್ಷಿಯ ಕೆಲಸಕ್ಕೆ ಹೆಚ್ಚು ಆಸ್ತಿ ಇಲ್ಲದ, ವಯಸ್ಸಾದ, ಓದಿದವರನ್ನು ಕರೆಯುತ್ತಾರೆ. ಈ ಸಲ ನನ್ನನ್ನು ಕರೆದರು.

ಮನೆಮನೆಗೆ ಹೋಗಬೇಕಿದ್ದ ಹಿಂದಿನ ದಿನ ಸಂಜೆ ಸೊಪ್ಪಿನ ಗಾಡಿಯ ಹತ್ತಿರ ಮಲ್ಲಾಜಮ್ಮ ಸಿಕ್ಕಳು. ವಠಾರದ ಮಹಡಿ ಮನೆಯವಳು, ನಲವತ್ತರ ಆಚೀಚೆ, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಗುಂಡಿ ಕಾರ್ಖಾನೆಯಲ್ಲಿ ಕೆಲಸ. ಮನೆಯಲ್ಲಿ ಅವಳು ಮತ್ತು ಅವಳ ಅತ್ತೆ ಇಬ್ಬರೇ. ದಂಟಿನ ಸೊಪ್ಪನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕೇಳಿದಳು:

"ಟೀಚರಮ್ಮ, ನಮ್ ಕಡೆ ಒಬ್ಬಳ ವಿಚಾರ ಕೇಳ್ತೀನಿ. ನಂದಲ್ಲ."

"ಕೇಳಮ್ಮ."

"ಅವಳಿಗೆ ಮೇಸ್ತ್ರಿ ಕೆಲಸ ಕೊಟ್ಟವ್ರೆ. ಸಂಬಳ ಗೀಟು ದಾಟೋಯ್ತು. ಮನೆ ಬಿಡು ಅಂದ್ರೆ ಹುಣ್ಣಿಮೆಗಂಟ ಟೈಮು ಕೊಡ್ತಾರೆ ಅಂತಾರೆ, ನಿಜವಾ?"

"ನಿಜ."

"ತೊಗಲು ಕೇರಿ ಹಿಂದೆ ಒಂದು ಕೋಣೆ ನೋಡ್ಕೊಂಡು ಬಂದ್ಲಂತೆ. ಹೆಚ್ಚಿಗೆ ಬಂದಿರೋ ಸಂಬಳನೆಲ್ಲ ಸುರಿದು, ಹಳೇದ್ರಾಗೂ ಒಂದು ಪಾಲು ಹಾಕಬೇಕು ಬಾಡಿಗೆಗೆ. ನೀರು ಹೊತ್ಕೊಂಡು ಬರ್ಬೇಕು. ಅತ್ತೆಗೆ ಕಿವಿ ಕೇಳಾಕಿಲ್ಲ, ಆ ಕೇರೀಲಿ ಗಾಡಿ ಮೈಮೇಲೆ ಬಂದ್ರೂ ತಿಳಿಯಾಕಿಲ್ಲ ಅದಕ್ಕೆ."

"ಮೇಸ್ತ್ರಿ ಕೆಲಸ ಬೇಡ ಅನ್ನಬಹುದಲ್ಲ ಅವಳು? ಎಲ್ಲರೂ ಕೊಡೆ ಇಸ್ಕೋತಾರೆ."

"ಅನ್ನಬೋದು." ಅವಳು ಸೊಪ್ಪಿನ ಇನ್ನೊಂದು ಕಟ್ಟು ಎತ್ತಿಕೊಂಡಳು. "ಮದುವೆಯಾಗಿ ಬಂದಾಗಿಂದ ಗುಂಡಿಗೆ ತೂತು ಹಾಕವ್ಳೆ ಟೀಚರಮ್ಮ. ಹೋದ ತಿಂಗಳು ಸಾವ್ಕಾರ್ರು ಎಲ್ಲಾರ ಮುಂದೆ ಹೆಸರಿಡಿದು ಕರೆದ್ರಂತೆ. ಅವರಿಗೆ ಅವಳ ಹೆಸರು ಗೊತ್ತಿತ್ತು ಅನ್ನೋದೇ ಅವಳಿಗೆ ಗೊತ್ತಿರ್ಲಿಲ್ಲ. ಅದನ್ನ ಹೆಂಗೆ ಒಂದು ಕೊಡೆಗೆ ಬಿಟ್ಕೊಡ್ತಾಳೆ?"

ನಾನು ಹೇಳಬೇಕಾದ್ದನ್ನು ಹೇಳಿದೆ. "ಅವಳಿಗೆ ಹೇಳಮ್ಮ, ನಾಳೆ ನನ್ನ ನಾಲಗೆಗೆ ಬಂದದ್ದನ್ನೇ ನಾನು ಹೇಳಬೇಕು ಅಂತ."

"ಹೇಳ್ತೀನಿ. ಅವಳಿಗೂ ಗೊತ್ತದೆ, ನೀವು ಬೇರೆ ಹೇಳಾಕಿಲ್ಲ ಅಂತ." ಎಂದಳು. ಹೋಗುವಾಗ ನನ್ನ ಚೀಲದಲ್ಲಿದ್ದ ಹುಳ ಹೊಡೆದ ಕಟ್ಟನ್ನು ತಾನು ತೆಗೆದುಕೊಂಡು, ತಾನು ಆರಿಸಿದ ಎಳೆಯ ಕಟ್ಟನ್ನು ಅಲ್ಲಿಟ್ಟಳು. ಅದಕ್ಕೂ ನಾವು ಆಡಿದ ಮಾತಿಗೂ ಸಂಬಂಧವಿರಲಿಲ್ಲ. ನನ್ನ ಕಣ್ಣು ಮಂಜಾಗಿದೆ ಎಂದು ಅವಳಿಗೆ ತಿಳಿದಿತ್ತು.

ಮರುದಿನ ರಜಾದಿನ. ಬೆಳಗ್ಗೆ ಹತ್ತರ ಹೊತ್ತಿಗೆ ನಾವು ವಠಾರದ ಬಾಗಿಲಿಗೆ ಹೋದೆವು. ಮುಂದೆ ಜಾಗಟೆ ಹಿಡಿದ ಜವಾನ ಚೌಡಪ್ಪ, ಹಿಂದೆ ಕಾಂತರಾಜಯ್ಯ, ಅವರ ಹಿಂದೆ ನಾನು. ಕಾಂತರಾಜಯ್ಯ ಒಗೆದ ಪಂಚೆ ಉಟ್ಟಿದ್ದರು. ತಿಂಗಳಲ್ಲಿ ಅವರು ಇಳಿದುಹೋಗಿದ್ದರು. ಅಂಗಿಯ ಕತ್ತಿನಲ್ಲಿ ಎರಡು ಬೆರಳು ಹೋಗುವಷ್ಟು ಜಾಗವಿತ್ತು. ಯಾರ ಮುಖವನ್ನೂ ನೋಡಲಿಲ್ಲ.

ಮೊದಲನೆಯದು ಲಿಂಗರಾಜಮ್ಮನ ಮನೆ. ವಠಾರಕ್ಕೆಲ್ಲ ದೊಡ್ಡ ಗಂಟಲು ಅವಳದು. ಒಲೆಯ ಮುಂದೆ ಮಣೆ ಹಾಕಿ, ಎಲೆ ಹಾಕಿ, ಒಂದು ತುತ್ತಿನ ಜಾಗಕ್ಕೆ ಪೂರಾ ಮುದ್ದೆ ಇಟ್ಟು ಹುರುಳಿಕಾಳಿನ ಬಸ್ಸಾರು ಸುರಿದಳು.

"ಒಂದು ತುತ್ತು ಸಾಕು ಕಣಮ್ಮ" ಎಂದರು ಕಾಂತರಾಜಯ್ಯ.

"ಒಂದು ತುತ್ತು ಹಾಕಾಕೆ ನಮ್ಮನೇನು ಛತ್ರವಾ? ಬಂದ್ಮೇಲೆ ಉಂಡೇ ಹೋಗ್ಬೇಕು. ಆರು ವರ್ಷಕ್ಕೆ ಒಂದ್ಸಲ ಬಂದಿದೀರಿ, ಅದೂ ಜಾಗಟೆ ಹೊಡ್ಕೊಂಡು."

ಅವರು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದರು. ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಅವರ ಕೈ ಎಲೆಯ ಮೇಲೆ ಹಾಗೇ ನಿಂತಿತು. ಕಣ್ಣಿನಲ್ಲಿ ನೀರು ಬಂತು, ಮೂಗಿನಲ್ಲೂ ಬಂತು. ಖಾರಕ್ಕಲ್ಲ, ಖಾರ ಅವರಿಗೆ ಹತ್ತುವುದಿಲ್ಲ. "ಇದೆ" ಎಂದರು. ನಾನು ತಿಂದು "ಹೌದು" ಎಂದೆ. ಚೌಡಪ್ಪ ಜಾಗಟೆಯನ್ನು ಒಂದು ಸಲ ಬಾರಿಸಿ, ಅದನ್ನು ಕಂಕುಳಲ್ಲಿ ಇಟ್ಟುಕೊಂಡು, "ನಂಗೂ ಒಂಚೂರು ಹಾಕಕ್ಕಾ, ಬಸ್ಸಾರಿನ ವಾಸನೆ ಹೊಟ್ಟೆಗೆ ಹೋಗ್ತಾ ಅದೆ" ಎಂದ. ಕಾಂತರಾಜಯ್ಯ ಎಲೆಯಲ್ಲಿ ಏನೂ ಬಿಡಲಿಲ್ಲ.

ಎರಡನೆಯ ಮನೆಯಲ್ಲಿ ಮೊಸರನ್ನದ ಗುಡ್ಡ. ಮೂರನೆಯದರಲ್ಲಿ ಅವರೆಕಾಳಿನ ಉಪ್ಪಿಟ್ಟು, ಅದರ ಮೇಲೆ ಕರಿದ ಸಂಡಿಗೆ. ಆ ಹೊತ್ತಿಗೆ ನನಗೆ ಹೆಂಗಸರ ಉಪಾಯ ಅರ್ಥವಾಯಿತು. ಬಾಗಿಲಿನ ಸಂದಿಯಲ್ಲಿ ಲಿಂಗರಾಜಮ್ಮ ಪಕ್ಕದವಳಿಗೆ ಹೇಳುತ್ತಿದ್ದಳು, "ತುಂಬ್ಸಿ ಕಳಿಸು. ಹನ್ನೊಂದು ಮನೇಲಿ ಉಂಡೋನು ಮಹಡಿ ಮೆಟ್ಲು ಹತ್ತಾನಾ? ಹತ್ತಿದ್ರೂ ತುತ್ತು ಎತ್ತಾನಾ?" ಅದು ಪಿಸುಮಾತು ಎಂದು ಅವಳು ತಿಳಿದಿದ್ದಳು. ಹಜಾರದಲ್ಲಿದ್ದ ನಮಗೆಲ್ಲರಿಗೂ ಕೇಳಿಸಿತು. ಕಾಂತರಾಜಯ್ಯನವರ ತುಟಿ ಸ್ವಲ್ಪ ಅಲುಗಿತು. ಅವರು ಸಂಡಿಗೆಯನ್ನು ಮುರಿದು ಬಾಯಿಗೆ ಹಾಕಿಕೊಂಡು, "ಇದೆ" ಎಂದರು.

ಹೀಗೆ ಮನೆಯಿಂದ ಮನೆಗೆ. ಒಂದೊಂದು ಮನೆಯಲ್ಲೂ ಅವರು ಮೊದಲು ಬೇಡ ಎನ್ನುತ್ತಿದ್ದರು, ಆಮೇಲೆ ಉಣ್ಣುತ್ತಿದ್ದರು. ನಾನು ನಿಯಮದಂತೆ ಒಂದೊಂದೇ ತುತ್ತು ತಿನ್ನುತ್ತಿದ್ದೆ. ಚೌಡಪ್ಪನಿಗೆ ಯಾವ ನಿಯಮವೂ ಇರಲಿಲ್ಲ. ಏಳನೆಯ ಮನೆಯ ಹೊತ್ತಿಗೆ ಅವನು ಜಾಗಟೆಯನ್ನು ಕೂತುಕೊಂಡೇ ಬಾರಿಸತೊಡಗಿದ. ಒಂದು ಮನೆಯ ಮುದುಕ ಕಾಂತರಾಜಯ್ಯನವರ ಬೆನ್ನಿಗೆ ತಲೆದಿಂಬು ತಂದಿಟ್ಟ. ಇನ್ನೊಂದು ಮನೆಯವಳು ಅವರಿಗೆ ಕೈ ತೊಳೆಯಲು ಬಿಸಿನೀರು ಕೊಟ್ಟಳು, ಚಳಿಗಾಲವಾದ್ದರಿಂದ. ಉಪಾಯದ ಜೊತೆಗೇ ಇವೂ ಬಂದವು; ಯಾವುದು ಯಾವುದೆಂದು ಬೇರೆ ಮಾಡಲು ನನಗೆ ಆಗಲಿಲ್ಲ. ಹನ್ನೊಂದನೆಯ ಮನೆಯಿಂದ ಹೊರಗೆ ಬಂದಾಗ ಜಾಗಟೆ ಮನೆಗೆ ಒಂದರಂತೆ ಹನ್ನೊಂದು ಸಲ ಮೊಳಗಿತ್ತು. ಹೆಂಗಸರೆಲ್ಲ ಮೆಟ್ಟಿಲ ಹತ್ತಿರ ನಿಂತಿದ್ದರು.

"ಸಾಕಲ್ವಾ ಯಜಮಾನ್ರೆ?" ಎಂದಳು ಲಿಂಗರಾಜಮ್ಮ. "ಈಗ ಮಲಗಿ ಎದ್ದು ಇನ್ನೊಂದಿನ ನೋಡಿದ್ರಾಯ್ತು."

"ನಿಮ್ಮ ಉಪಾಯ ನಂಗೊತ್ತು ಕಣಮ್ಮ" ಎಂದರು ಕಾಂತರಾಜಯ್ಯ, ಏದುಸಿರು ಬಿಡುತ್ತ. "ಅಡುಗೆ ಚೆನ್ನಾಗಿತ್ತು. ಆದ್ರೆ ಮನೇಲಿ ನಮ್ಮೋಳು ತಲೆ ಎತ್ತಕ್ಕಾಗದೆ ಮಲಗವ್ಳೆ. ದಾರಿ ಬಿಡಿ." ಅವರು ಕಂಬಿ ಹಿಡಿದು ಮೆಟ್ಟಿಲು ಹತ್ತಿದರು. ಹನ್ನೊಂದು ಮನೆ ಸರಿಯಿದೆ ಎಂದಾದ ಮೇಲೆ ತಪ್ಪಿದ್ದು ಯಾವುದೆಂದು ಎಲ್ಲರಿಗೂ ತಿಳಿದಿತ್ತು. ಇನ್ನು ಅದನ್ನು ಬಾಯಿಬಿಟ್ಟು ಹೇಳುವುದು ಮಾತ್ರ ಬಾಕಿ.

ಮಹಡಿ ಮನೆ ಗುಡಿಸಿ ಒರೆಸಿ ಥಳಥಳ ಎನ್ನುತ್ತಿತ್ತು. ಮಲ್ಲಾಜಮ್ಮ ಒಲೆಯ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಅವಳ ಅತ್ತೆ ಚಿಕ್ಕತಾಯಮ್ಮನಿಗೆ ಏನು ನಡೆಯುತ್ತಿದೆ ಎಂಬುದೇ ತಿಳಿದಿರಲಿಲ್ಲ. ಕಿವುಡಿಗೆ ಯಾರು ಕೂಗಿ ಹೇಳುತ್ತಾರೆ, ಅದೂ ಇಂಥ ಮಾತನ್ನು? ಮನೆಯ ಯಜಮಾನರು ಊಟಕ್ಕೆ ಬಂದಿದ್ದಾರೆ ಎಂದೇ ತಿಳಿದು, ತಾನು ಕೂತಿದ್ದ ಮಣೆಯನ್ನು ಸೆರಗಿನಿಂದ ಒರೆಸಿ ಅವರ ಮುಂದೆ ತಳ್ಳಿದಳು. ಅವರು ಬೆವರುತ್ತಿದ್ದುದನ್ನು ಕಂಡು ಮೊರ ತೆಗೆದುಕೊಂಡು ಗಾಳಿ ಹಾಕತೊಡಗಿದಳು.

"ಸರ್ವಮಂಗಳಮ್ಮೋರಿಗೆ ತಲೆಸುತ್ತಂತಲ್ಲಪ್ಪ, ಈಗ ಹೆಂಗವ್ರೆ?" ಎಂದು ಕಿವುಡರ ದನಿಯಲ್ಲಿ ಕೂಗಿ ಕೇಳಿದಳು. "ಧನಿಯ ನೆನೆಹಾಕಿ ಆ ನೀರು ಕೊಡು. ಬೆಳಗ್ಗೆ ಎದ್ದೇಟಿಗೆ ಕೊಡ್ಬೇಕು. ಒಬ್ಬಳೇ ಎದ್ದು ಓಡಾಡಾಕೆ ಬಿಡ್ಬೇಡ."

ಬೆಳಗಿನಿಂದ ಎಲ್ಲರೂ ಉಪ್ಪಿನ ಮಾತು ಆಡಿದ್ದರು. ಸರ್ವಮಂಗಳಮ್ಮ ಹೇಗಿದ್ದಾರೆ ಎಂದು ಕೇಳಿದ್ದು ಈ ಮುದುಕಿ ಮಾತ್ರ. ನಾನೂ ಕೇಳಿರಲಿಲ್ಲ. ಕಾಂತರಾಜಯ್ಯ ಅವಳ ಕಡೆ ನೋಡಿ ತಲೆಯಾಡಿಸಿದರು.

ಮಲ್ಲಾಜಮ್ಮ ಬಡಿಸಿದಳು. ಅನ್ನ, ದಂಟಿನ ಸೊಪ್ಪಿನ ಹುಳಿ. ಸೌಟಿನಿಂದ ಎರಡು ಹನಿ ನೆಲಕ್ಕೆ ಬಿದ್ದವು. ಕಾಂತರಾಜಯ್ಯ ಕಲಸಿ ಬಾಯಿಗಿಟ್ಟುಕೊಂಡರು. ಅಗಿದರು, ನಿಧಾನವಾಗಿ, ಹುಲ್ಲು ಅಗಿಯುವವರ ಹಾಗೆ. ಅವರಿಗೆ ಹತ್ತಲಿಲ್ಲ ಎಂಬುದು ಮುಖದ ಮೇಲೆಯೇ ಬರೆದಿತ್ತು. ಅಷ್ಟು ಹೊತ್ತು ಪಕ್ಕದಲ್ಲಿ ಕೂತು ಉಂಡವಳಿಗೆ ಅದನ್ನು ಗುರುತಿಸುವುದು ಕಷ್ಟವಲ್ಲ. ಬಾಗಿಲಲ್ಲಿ ಚೌಡಪ್ಪ ಮೂರು ಸಲ ಬಾರಿಸಲು ಜಾಗಟೆಯನ್ನು ಎತ್ತಿ ಹಿಡಿದಿದ್ದ. ಮೊರದ ಗಾಳಿ ಒಂದೇ ಸಮನೆ ಬೀಸುತ್ತಿತ್ತು.

"ಇದೆ" ಎಂದರು ಕಾಂತರಾಜಯ್ಯ. ಸಾಲದೆಂದು ಇನ್ನೊಂದು ಮಾತು ಸೇರಿಸಿದರು. "ಉಪ್ಪು ಹದವಾಗಿ ಬಿದ್ದಿದೆ."

ಆಗ ನಾನು ನನ್ನ ತುತ್ತನ್ನು ಬಾಯಿಗೆ ಹಾಕಿಕೊಂಡೆ. ಹುಳಿ ಇತ್ತು, ಖಾರ ಇತ್ತು, ಒಗ್ಗರಣೆ ಘಮಘಮ ಎನ್ನುತ್ತಿತ್ತು. ಉಪ್ಪು ಇರಲಿಲ್ಲ. ಒಂದು ಹರಳೂ ಇರಲಿಲ್ಲ. ಊರೆಲ್ಲ ಉಪ್ಪಿನ ಮಾತಾಡುತ್ತಿದ್ದ ಆ ದಿನ, ಆ ಹೆಂಗಸು ಗಾಬರಿಯಲ್ಲಿ ಹುಳಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು.

ಧಣಿ ಇಲ್ಲವೆಂದು ಸಾಕ್ಷಿ ಇದೆಯೆಂದರೆ ಏನು ಮಾಡಬೇಕೆಂದು ನಿಯಮವಿತ್ತು. ಇಬ್ಬರೂ ಇಲ್ಲವೆಂದರೂ ಇತ್ತು. ಇಲ್ಲದ ಉಪ್ಪನ್ನು ಧಣಿಯೇ ಹದವಾಗಿದೆ ಎಂದರೆ ಏನು ಮಾಡಬೇಕೆಂದು ಯಾವ ನಿಯಮವೂ ಇರಲಿಲ್ಲ. ಹಾಗೊಂದು ಸುಳ್ಳನ್ನು ಧಣಿಯೊಬ್ಬರು ಹೇಳಬಹುದೆಂದು ನಾಲಗೆ ಕಚೇರಿಗೆ ಹೊಳೆದೇ ಇರಲಿಲ್ಲ.

ಕಾಲೇಜಿನಲ್ಲಿ ಇದ್ದಷ್ಟು ಕಾಲ ನಾನು ಯಾರಿಗೂ ಅರ್ಧ ಅಂಕ ಹೆಚ್ಚು ಕೊಟ್ಟವಳಲ್ಲ. ಅದು ನನ್ನ ಹೆಮ್ಮೆಯಾಗಿತ್ತು. ಹುಡುಗಿಯರಿಗೂ ಅದು ಗೊತ್ತಿತ್ತು. ತುತ್ತನ್ನು ನುಂಗಿದೆ.

"ಹೌದು" ಎಂದೆ. "ಹದವಾಗಿದೆ."

ಚೌಡಪ್ಪ ಜಾಗಟೆಯನ್ನು ಒಂದು ಸಲ ಬಾರಿಸಿದ. ಕೆಳಗೆ ಹೆಂಗಸರು ಎರಡನೆಯ ಏಟಿಗೆ ಕಾದರು. ಅದು ಬರಲಿಲ್ಲ. ಒಮ್ಮೆಗೇ ಕೆಳಗಿನಿಂದ ಗದ್ದಲ ಎದ್ದಿತು, ಯಾರೋ ತಟ್ಟೆ ಬಡಿದರು. ಮಲ್ಲಾಜಮ್ಮ ಮಾತ್ರ ನಿಂತಲ್ಲೇ ನಿಂತಿದ್ದಳು. ಚೌಡಪ್ಪ ಜಾಗಟೆಯನ್ನು ಮೂಲೆಗಿಟ್ಟು, ಎಂದಿನಂತೆ ಚಕ್ಕಳಮಕ್ಕಳ ಹಾಕಿ ಕೂತ.

"ನಂಗೂ ಒಂಚೂರು ಹುಳಿ ಹಾಕಕ್ಕಾ. ಹದವಾಗಿದೆ ಅಂತ ಇಬ್ಬರೂ ಅಂತಾವ್ರೆ, ನೋಡೇಬಿಡಣ."

ಅವನು ಒಂದು ತುತ್ತು ತಿಂದರೆ ಎಲ್ಲ ಬಯಲಾಗುತ್ತಿತ್ತು. "ಚೌಡಪ್ಪ, ನಿನಗೆ ಹನ್ನೊಂದು ಮನೆಯಲ್ಲಿ ಆಯಿತಲ್ಲ" ಎಂದೆ. "ನನಗೆ ಬೆಳಗಿನಿಂದ ಒಂದೊಂದೇ ತುತ್ತು. ಮಲ್ಲಾಜಮ್ಮ, ಇರುವಷ್ಟು ಹುಳಿ ನನಗೆ ಹಾಕಮ್ಮ. ಬಹಳ ಹಸಿವಾಗಿದೆ."

ಅವನಿಗೆ ನಾಚಿಕೆಯಾಯಿತು. ವಯಸ್ಸಾದ ಹೆಂಗಸಿನ ಬಾಯಿಂದ ಅನ್ನ ಕಿತ್ತುಕೊಳ್ಳುವವನಲ್ಲ ಅವನು. "ಉಣ್ಣಿ ಟೀಚರಮ್ಮ, ಉಣ್ಣಿ. ನಾನು ಹೋಗಿ ಕಚೇರೀಲಿ ಹೇಳ್ತೀನಿ, ಹನ್ನೆರಡೂ ಸರಿ ಅಂತ" ಎಂದು ಜಾಗಟೆ ಎತ್ತಿಕೊಂಡು ಇಳಿದುಹೋದ. ಮಲ್ಲಾಜಮ್ಮ ನನಗೆ ಬಡಿಸಿದಳು. ನಾನು ಆ ಸಪ್ಪೆ ಹುಳಿಯನ್ನು ಎರಡು ಸಲ ಹಾಕಿಸಿಕೊಂಡು ಉಂಡೆ. ಕಾಂತರಾಜಯ್ಯ ನನ್ನನ್ನು ಹುಬ್ಬು ಗಂಟಿಕ್ಕಿ ನೋಡುತ್ತಿದ್ದರು. ಪಾತ್ರೆಯ ತಳದಲ್ಲಿ ಇನ್ನೂ ಒಂದು ಸೌಟಿನಷ್ಟು ಉಳಿದಿತ್ತು. ಅದಕ್ಕಿಂತ ಹೆಚ್ಚು ನನ್ನಿಂದ ಆಗಲಿಲ್ಲ.

ನಾವಿಬ್ಬರೂ ಮೆಟ್ಟಿಲು ಇಳಿಯುತ್ತಿದ್ದಾಗ ಮೇಲಿನಿಂದ ಚಿಕ್ಕತಾಯಮ್ಮನ ದನಿ ಬಂತು. "ಲೇ ಮಲ್ಲಾಜಿ! ಉಪ್ಪೇ ಹಾಕಿಲ್ವಲ್ಲೇ! ಇದನ್ನ ಯಜಮಾನ್ರಿಗೆ ಇಕ್ಕಿದೀಯಲ್ಲೇ, ಮಾನಗೆಟ್ಟೋಳೆ!"

ಕಾಂತರಾಜಯ್ಯ ಕಂಬಿ ಹಿಡಿದು ನಿಂತರು.

"ಇರ್ಲೇ ಇಲ್ವಾ?" ಎಂದರು, ನನ್ನ ಕಡೆ ತಿರುಗದೆ.

"ಇರಲಿಲ್ಲ."

"ಮತ್ತೆ ನೀವು ಹದವಾಗಿದೆ ಅಂದ್ರಿ."

"ಮೊದಲು ನೀವೇ ಅಂದಿರಲ್ಲ."

ಅವರು ಇನ್ನೊಂದು ಮೆಟ್ಟಿಲು ಇಳಿದರು. "ಬೇಡದ ಮಾತು ಸೇರಿಸ್ದೆ ನಾನು. ಇದೆ ಅಂದು ಸುಮ್ನಿದ್ದಿದ್ರೆ ಸಾಕಿತ್ತು" ಎಂದರು. ಅವರು ಯಾಕೆ ಹಾಗೆ ಮಾಡಿದರೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಗಿರಣಿಯವರ ಲೆಕ್ಕವೇನಾದರೂ ಹೇಳುತ್ತಿದ್ದರು, ಅದು ನಿಜವಾಗಿರುತ್ತಿರಲಿಲ್ಲ. ಫಿರ್ಯಾದು ಸುಳ್ಳೆಂದು ತೀರ್ಮಾನವಾಯಿತು. ಒಂದು ಸಲ ಹಾಗೆ ತೀರ್ಮಾನವಾದರೆ ಅವಧಿ ಮುಗಿಯುವ ತನಕ ಮತ್ತೆ ಕೊಡುವ ಹಾಗಿಲ್ಲ. ಉಳಿದದ್ದು ನಾಲ್ಕು ವರ್ಷ. ಮಲ್ಲಾಜಮ್ಮನ ಹುಣ್ಣಿಮೆ ಬಂತು, ಹೋಯಿತು. ಅವಳು ಬೆಳಗ್ಗೆ ಮೇಸ್ತ್ರಿಯಾಗಿ ಕಾರ್ಖಾನೆಗೆ ಹೋಗುತ್ತಾಳೆ, ಸಂಜೆ ಮಹಡಿ ಮನೆಗೆ ಬರುತ್ತಾಳೆ.

ತೀರ್ಮಾನದ ಮಾರನೆಯ ದಿನವೇ ಮಧ್ಯಾಹ್ನ ಕಾಂತರಾಜಯ್ಯ ಒಂದು ಚೀಲ ಅಕ್ಕಿ ಹೊರಿಸಿಕೊಂಡು ವಠಾರಕ್ಕೆ ಬಂದು, ಲಿಂಗರಾಜಮ್ಮನ ಒಲೆಯ ಮುಂದೆ ಕೂತರು. ಉಪ್ಪು ಉಳಿದಿದ್ದದ್ದು ಅವರಿಗೆ ವಠಾರದ ಆ ಹನ್ನೊಂದು ಒಲೆಗಳ ಮುಂದೆ ಮಾತ್ರ. "ಬಾಡಿಗೆ ಕೊಡೋರೂ ನಾವೇ, ಅನ್ನ ಇಕ್ಕೋರೂ ನಾವೇ. ಚೆನ್ನಾಗದೆ ನ್ಯಾಯ!" ಎಂದು ಅವಳು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು, ಕೂಗುತ್ತಲೇ ಮುದ್ದೆ ತಿರುವಿದಳು. ಅಂದಿನಿಂದ ದಿನಕ್ಕೊಂದು ಮನೆ. ಅವರ ಸ್ವಂತ ಮನೆಯಲ್ಲಿ ಸಾರಿಗೆ ಈಗ ಚಿಟಿಕೆ ಉಪ್ಪು ಬೀಳುತ್ತದೆ, ಸರ್ವಮಂಗಳಮ್ಮ ಹುಷಾರಾಗಿದ್ದಾರೆ. ಧನಿಯ ನೀರಿನಿಂದಲೇ ಗುಣವಾಯಿತು ಎಂದು ಅವರು ಹೇಳುತ್ತಾರೆ.

ಹನ್ನೊಂದು ಮನೆ ಮುಗಿದ ಮೇಲೆ ಮತ್ತೆ ಮೊದಲನೆಯದಕ್ಕೆ ಹೋದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವರು ಮಹಡಿಗೂ ಹೋಗುತ್ತಾರೆ. ಒಂದು ಸಲ ಚಿಕ್ಕತಾಯಮ್ಮನಿಗೆ ಜ್ವರವೆಂದು ನೋಡಲು ಹೋಗಿದ್ದೆ. ಕಾಂತರಾಜಯ್ಯ ಆಗತಾನೆ ಉಣ್ಣಲು ಕೂತಿದ್ದರು. ಮಲ್ಲಾಜಮ್ಮ ಸಾರು ಬಡಿಸಿ, ಸೌಟು ಹಿಡಿದು ನಿಂತು ಕೇಳಿದಳು:

"ಉಪ್ಪು ಹೆಂಗದೆ ಯಜಮಾನ್ರೆ?"

ಅವರು ಒಂದು ತುತ್ತನ್ನು ಬಹಳ ಹೊತ್ತು ಅಗಿದು ಯೋಚಿಸಿದರು.

"ಇವತ್ತು ಒಂದು ಹರಳು ಜಾಸ್ತಿ ಆಯ್ತು ಕಣಮ್ಮ."

"ಮುಂದಿನ ಸಲ ಕಮ್ಮಿ ಹಾಕ್ತೀನಿ" ಎಂದಳು ಮಲ್ಲಾಜಮ್ಮ, ಅವರ ಎಲೆಗೆ ಇನ್ನೊಂದು ಸೌಟು ಬಡಿಸುತ್ತ.